ಕಾಳು ಎಂದರೆ ಕಾಗೆ

ಚಿತ್ರದುರ್ಗದಲ್ಲಿ ಹುಟ್ಟಿ ಬೆಳೆದವರಿಗೆ ಎತ್ತ ತಿರುಗಿದರೂ ಕಣ್ಣಿಗೆ ಕಲ್ಲು ಬೀಳಬೇಕು. 2013ರ ಜನವರಿಯಲ್ಲಿ ಮಾಲ್ಡೀವ್ಸ್‌ನ ಉತ್ತರದ ಒಂದು ಪುಟ್ಟ ದ್ವೀಪದಲ್ಲಿ ದೋಣಿಯಿಂದ ಇಳಿದಾಗ, ಬೆನ್ನು ಒರಗಿಸಲು ಒಂದು ಬಂಡೆಯೂ ಇಲ್ಲವಲ್ಲ ಎಂದು ಮೊದಲು ಅನ್ನಿಸಿತು. ಆ ದೇಶದ ನೆಲ ಬಹುಪಾಲು ಸಮುದ್ರಮಟ್ಟದಿಂದ ಒಂದೆರಡು ಮೀಟರ್ ಎತ್ತರ, ಅಷ್ಟೆ. ಜೋಗಿಮಟ್ಟಿ ರಸ್ತೆಯ ನಮ್ಮ ಮನೆಯ ಮಾಳಿಗೆ ಅದಕ್ಕಿಂತ ಎತ್ತರವಾಗಿದೆ.

ಹೋದದ್ದು ಸಂಬಳಕ್ಕಾಗಿ. ಬಿ.ಇಡಿ. ಮುಗಿಸಿ ಖಾಸಗಿ ಪ್ರೌಢಶಾಲೆಯೊಂದರಲ್ಲಿ ಐದು ವರ್ಷ ಇಂಗ್ಲಿಷ್ ಕಲಿಸಿದ್ದೆ. ತಮ್ಮನ ಓದು, ಅಪ್ಪ ಮಾಡಿಟ್ಟ ಸಾಲ, ಎರಡೂ ಆ ಸಂಬಳದಲ್ಲಿ ಏಗುವಂತಿರಲಿಲ್ಲ. ಅಲ್ಲಿ ಬಹುಪಾಲು ವಿಷಯಗಳನ್ನು ಇಂಗ್ಲಿಷಿನಲ್ಲೇ ಕಲಿಸುವುದರಿಂದ ನಮ್ಮ ದೇಶದ ಶಿಕ್ಷಕರು ಮೊದಲಿನಿಂದಲೂ ಹೋಗುತ್ತಾರೆ. ಕೇರಳ, ತಮಿಳುನಾಡಿನವರು ಹೆಚ್ಚು. ರಾಜಧಾನಿ ಮಾಲೆಯಲ್ಲೇ ಕೆಲಸ ಎಂದು ಏಜೆಂಟ್ ಹೇಳಿದ್ದ. ಒಪ್ಪಂದಪತ್ರದಲ್ಲಿ ಊರಿನ ಹೆಸರಿನ ಜಾಗ ಖಾಲಿ ಇತ್ತು. ಇಂಗ್ಲಿಷ್ ಕಲಿಸುವವಳಾಗಿದ್ದುಕೊಂಡು ಅದನ್ನು ಓದದೆ ಸಹಿ ಹಾಕಿದೆ.

ದೇವರ ವಿಗ್ರಹ ಒಯ್ಯುವಂತಿಲ್ಲ ಎಂಬುದು ಗೊತ್ತಿತ್ತು. ಆದರೂ ಅಮ್ಮ ಏಕನಾಥೇಶ್ವರಿಯ ಪಟವನ್ನು ಸೀರೆಯ ಮಡಿಕೆಯಲ್ಲಿ ಇಟ್ಟಿದ್ದಳು. ಪಟಕ್ಕೂ ಆ ನಿಯಮ ತಾಗುತ್ತದೋ ಇಲ್ಲವೋ ಎಂಬ ಗೊಡವೆಯೇ ಬೇಡವೆಂದು ಬೆಂಗಳೂರು ವಿಮಾನ ನಿಲ್ದಾಣದಲ್ಲಿ ತಮ್ಮನ ಕೈಗೆ ಕೊಟ್ಟು ಕಳಿಸಿದೆ. ಹೀಗೆ ದೇವರಿಲ್ಲದೆ, ಬಂಡೆಯಿಲ್ಲದೆ ಎಂಟನೆಯ ತರಗತಿಯ ಇಪ್ಪತ್ತಾರು ಮಕ್ಕಳ ಮುಂದೆ ನಿಂತೆ.

ಗಲಾಟೆ ಎಂದರೆ ಏನೆಂದು ನನಗೆ ಗೊತ್ತಿದೆ ಎಂದುಕೊಂಡಿದ್ದೆ. ನಮ್ಮಲ್ಲಿ ಮೇಜಿನ ಮೇಲೆ ಮರದ ಸ್ಕೇಲು ಇಟ್ಟರೆ ಸಾಕಿತ್ತು. ಹೊಡೆಯಬಾರದೆಂಬ ಕಾನೂನು ನಮ್ಮಲ್ಲಿದೆ, ಆದರೆ ಸ್ಕೇಲಿಗೆ ಹಳೆಯ ನೆನಪುಗಳಿದ್ದವು. ಅಲ್ಲಿ ಸ್ಕೇಲು ಬರೀ ಗೆರೆ ಎಳೆಯುವ ಸಾಧನ. ಮಕ್ಕಳು ಕೆಟ್ಟವರಲ್ಲ, ಹೆದರಿಕೆ ಎಂಬುದೇ ಇರಲಿಲ್ಲ ಅಷ್ಟೆ. ಪಾಠದ ನಡುವೆ ಎದ್ದು ಕಿಟಕಿಯಿಂದ ಯಾರದೋ ದೋಣಿಗೆ ಕೈಬೀಸುತ್ತಿದ್ದರು. ಹಿಂದಿನ ಸಾಲಿನ ಆರು ಹುಡುಗರು ಡೆಸ್ಕನ್ನೇ ಬಾರಿಸುತ್ತಿದ್ದರು. ಒಬ್ಬ ಶುರು ಮಾಡಿದರೆ ಉಳಿದವರು ತಾಳ ತಪ್ಪದೆ ಸೇರಿಕೊಳ್ಳುತ್ತಿದ್ದರು. ನಾನು ಕಿರುಚುತ್ತಿದ್ದೆ, ಅವರು ಇನ್ನೂ ಜೋರಾಗಿ ಬಾರಿಸುತ್ತಿದ್ದರು. ಎರಡನೆಯ ವಾರಕ್ಕೆ ಗಂಟಲು ಕಟ್ಟಿತು.

ಮೂರನೆಯ ವಾರ ಉಪಾಯ ಮಾಡಿದೆ. ಅವರ ಭಾಷೆ ದಿವೇಹಿಯಲ್ಲೇ ಗದರಿದರೆ ಕೇಳಿಯಾರು ಎಂದು ಮುಂದಿನ ಸಾಲಿನ ಒಬ್ಬ ಸಾಧು ಮುಖದ ಹುಡುಗನನ್ನು ಕೇಳಿದೆ: “ಸದ್ದು ಮಾಡಬೇಡಿ ಎನ್ನಲು ನಿಮ್ಮಲ್ಲಿ ಏನೆನ್ನುತ್ತಾರೆ?” ಅವನು ಕಣ್ಣು ಮಿಟುಕಿಸದೆ, “ಕಾಳು, ಮಿಸ್” ಎಂದ. ಕಾಳು! ಶೇಂಗಾ ಸೀಮೆಯವಳಿಗೆ ಇದಕ್ಕಿಂತ ಸುಲಭದ ಪದ ಬೇಕೆ? ಮರುಕ್ಷಣವೇ ಮೇಜು ಗುದ್ದಿ, “ಕಾಳು! ಕಾಳು!” ಎಂದು ಕೂಗಿದೆ. ಇಪ್ಪತ್ತಾರು ಗಂಟಲುಗಳು ಒಮ್ಮೆಲೇ “ಕಾ ಕಾ” ಎಂದವು. ಅದೇ ಹೊತ್ತಿಗೆ ನಮ್ಮ ಮೇಲ್ವಿಚಾರಕರಾದ ಲೀಡಿಂಗ್ ಟೀಚರ್ ಬಾಗಿಲಲ್ಲಿ ನಿಂತಿದ್ದರು. ದಿವೇಹಿಯಲ್ಲಿ ಕಾಳು ಎಂದರೆ ಕಾಗೆ.

ಆ ರಾತ್ರಿ ಊಟ ಮಾಡಲಿಲ್ಲ. ಅಳು ಬಂತೆಂದು ಹೇಳಲು ನಾಚಿಕೆಯೇನಿಲ್ಲ. ಅಮ್ಮನಿಗೆ ಫೋನ್ ಮಾಡಿದರೆ ಅವಳು ಮೊದಲು ನಕ್ಕಳು. ಆಮೇಲೆ, “ಕಾಗೆ ಕೂಗಿದರೆ ನೆಂಟರು ಬರುತ್ತಾರೆ ಬಿಡು” ಎಂದಳು. ಸಿಟ್ಟಿನಿಂದ ಫೋನ್ ಇಟ್ಟೆ.

ಮರುದಿನ ಬೋರ್ಡಿನ ಒಂದು ಕಡೆ ಕಾಗೆ ಬರೆದೆ, ಇನ್ನೊಂದು ಕಡೆ ಜೋಳದ ತೆನೆ. ನನ್ನ ಚಿತ್ರಕಲೆಗೆ ಕಾಗೆಯೂ ಕೋಳಿಯಂತಾಗುತ್ತದೆ. ನಿಮ್ಮ ಕಾಳು ಇದು, ನಮ್ಮ ಕಾಳು ಇದು, ನಿಮ್ಮ ಕಾಳು ನಮ್ಮ ಕಾಳನ್ನು ತಿಂದಿತು ಎಂದು ಹೇಳಿ, “ಈಟ್” ಎಂಬುದು “ಏಟ್” ಆಗುವುದನ್ನು ಅಲ್ಲೇ ಬರೆದೆ. ಮೊದಲು ನಕ್ಕವನು ಅದೇ ಸಾಧು ಮುಖದವನು. ಆಮೇಲೆ ಅವನೇ ಕೈ ಎತ್ತಿ ನಿಮ್ಮಲ್ಲಿ ಕಾಗೆಗೆ ಏನೆನ್ನುತ್ತಾರೆ ಎಂದು ಕೇಳಿದ. ಆ ವರ್ಷ ಅವರಾಗಿಯೇ ನನ್ನನ್ನು ಕೇಳಿದ ಮೊದಲ ಪ್ರಶ್ನೆ ಅದು.

ಅಲ್ಲಿಂದ ಒಂದು ವ್ಯಾಪಾರ ಕುದುರಿತು. ದಿನಕ್ಕೆ ನಾನು ಐದು ಇಂಗ್ಲಿಷ್ ಪದ ಕೊಡಬೇಕು, ಅವರು ಒಂದು ದಿವೇಹಿ ಪದ ಕೊಡಬೇಕು. ಸುಳ್ಳು ಪದ ಕೊಟ್ಟರೆ ದಂಡವಾಗಿ ಹತ್ತು ವಾಕ್ಯ. ಅವರ ತಾನಾ ಲಿಪಿ ಬಲದಿಂದ ಎಡಕ್ಕೆ ಹೋಗುತ್ತದೆ. ಬೋರ್ಡಿನ ಮುಂದೆ ನಿಂತು ಅದನ್ನು ತೊದಲುತ್ತಾ ಓದುವಾಗ ಹಿಂದಿನ ಸಾಲಿನವರು ಉಸಿರು ಬಿಗಿಹಿಡಿದು ತಿದ್ದುತ್ತಿದ್ದರು. ನಾನು ಅವರನ್ನು ಅಷ್ಟು ತಾಳ್ಮೆಯಿಂದ ಯಾವತ್ತೂ ತಿದ್ದಿರಲಿಲ್ಲ. “ಅಟಾಲ್” ಎಂಬ ಪದವನ್ನು ಇಂಗ್ಲಿಷಿನವರು ನಿಮ್ಮ “ಅತೊಳು”ವಿನಿಂದಲೇ ತೆಗೆದುಕೊಂಡರು ಎಂದು ಹೇಳಿದ ದಿನ ಅವರ ಠೀವಿ ನೋಡಬೇಕಿತ್ತು, ಇಂಗ್ಲೆಂಡಿಗೆ ಸಾಲ ಕೊಟ್ಟವರ ಹಾಗೆ.

ಡೆಸ್ಕ್ ಬಾರಿಸುವುದು ಮಾತ್ರ ನಿಲ್ಲಲಿಲ್ಲ. ಒಂದು ಮದುವೆಯಲ್ಲಿ ಬೋಡು ಬೆರು ಕೇಳಿದ ಮೇಲೆ ಅದು ಏಕೆ ನಿಲ್ಲುವುದಿಲ್ಲ ಎಂದು ತಿಳಿಯಿತು. ದೊಡ್ಡ ಡೋಲುಗಳು, ನಿಧಾನವಾಗಿ ಶುರುವಾಗಿ ಏರುತ್ತಾ ಏರುತ್ತಾ ಕೊನೆಗೆ ಕುಣಿಯುವವರು ಮೈಮರೆಯುತ್ತಾರೆ. ನಮ್ಮ ಜಾತ್ರೆಯ ಉರುಮೆ, ತಮಟೆಗಳಿಗೆ ಮೈ ಜುಮ್ಮೆನ್ನುವವಳು ನಾನು. ನನಗೇ ಕಾಲು ನಿಲ್ಲಲಿಲ್ಲ. ಮರುವಾರದಿಂದ ಪಾಠದ ಮೊದಲ ಐದು ನಿಮಿಷ ಅವರಿಗೇ ಬಿಟ್ಟೆ. ಬಾರಿಸಿ, ಆದರೆ ತಾಳಕ್ಕೆ ಕ್ರಿಯಾಪದಗಳು ಬರಬೇಕು. ಗೋ, ವೆಂಟ್, ಗಾನ್. ಸೀ, ಸಾ, ಸೀನ್. ನಿಧಾನ ಶುರುವಾಗಿ ಕೊನೆಯಲ್ಲಿ ನಾಲಿಗೆ ತೊಡರುವಷ್ಟು ವೇಗ. ನಾನು ಕೈ ಎತ್ತಿದರೆ ಒಮ್ಮೆಲೇ ನಿಲ್ಲಬೇಕು. ಆ ನಿಲ್ಲುವುದನ್ನು ಕಲಿಸಲು ಎರಡು ವಾರ ಹಿಡಿಯಿತು. ಪಕ್ಕದ ತರಗತಿಯ ಗಣಿತದ ಮೇಷ್ಟ್ರು ನನ್ನೊಡನೆ ಮಾತು ಬಿಟ್ಟರು. ಆದರೆ ಬಾರಿಸಿ ದಣಿದ ಕೈಗಳು ಆಮೇಲೆ ಮೂವತ್ತು ನಿಮಿಷ ಸುಮ್ಮನಿರುತ್ತಿದ್ದವು.

ಜೀವನ ಕುದುರಿದ್ದು ಇದರ ಹಿಂದೆಯೇ. ಊಟ ದೊಡ್ಡ ತಲೆನೋವಾಗಿತ್ತು. ಬೆಳಗಿನ ತಿಂಡಿ ಮಸ್ ಹುನಿ, ಅಂದರೆ ತೆಂಗಿನತುರಿ, ಈರುಳ್ಳಿ, ಮೆಣಸಿನಕಾಯಿಗೆ ಕಲೆಸಿದ ಮೀನು. ಮಧ್ಯಾಹ್ನ ಗರುಧಿಯ, ಅಂದರೆ ಮೀನಿನ ತಿಳಿಸಾರು. ನಾನು ಸಸ್ಯಾಹಾರಿ. ತರಕಾರಿ ದೋಣಿಯಲ್ಲಿ ಬರಬೇಕು, ಗಾಳಿ ಎದ್ದರೆ ಅದೂ ಇಲ್ಲ. ಮನೆ ಮಾಲಕಿ ಮೀನು ಹಾಕದ ತೆಂಗಿನತುರಿಯನ್ನು ನನಗೆಂದು ಬೇರೆ ತೆಗೆದಿಡತೊಡಗಿದರು. ಮೀನಿಲ್ಲದೆ ಬದುಕುವವರ ಮೇಲೆ ಅವರಿಗೆ ನಿಜವಾದ ಕನಿಕರವಿತ್ತು. ಅವರ ಹಿತ್ತಿಲಲ್ಲಿ ದೀವಿ ಹಲಸಿನ ಮರವಿತ್ತು. ಅದರ ಕಾಯಿ ಹೆಚ್ಚಿ ಒಗ್ಗರಣೆ ಹಾಕಿ ಪಲ್ಯ ಮಾಡಿದೆ. ದೀವಿ ಎಂದರೆ ದ್ವೀಪವೇ ಅಲ್ಲವೇ! ಚಿತ್ರದುರ್ಗದಲ್ಲಿ ಹೆಸರು ಮಾತ್ರ ಕೇಳಿದ್ದ ಕಾಯಿಯನ್ನು ಅದರ ತವರಿನಂಥ ಊರಲ್ಲೇ ತಿಂದೆ.

ನೀರಿನ ವಿಷಯದಲ್ಲಿ ಮಾತ್ರ ನನಗೆ ಏನೂ ಹೊಸದೆನಿಸಲಿಲ್ಲ. ಪ್ರತಿ ಮನೆಯ ಸೂರಿನಿಂದ ಮಳೆನೀರು ಟ್ಯಾಂಕಿಗೆ ಇಳಿಯುತ್ತಿತ್ತು, ಕುಡಿಯಲು ಅದೇ. ಕೋಟೆಯ ಗೋಪಾಲಸ್ವಾಮಿ ಹೊಂಡ, ಅಕ್ಕ-ತಂಗಿಯರ ಹೊಂಡ ನೋಡಿ ಬೆಳೆದವಳಿಗೆ ಇದು ಅರ್ಥವಾಗದಿರುತ್ತದೆಯೇ? 2014ರ ಡಿಸೆಂಬರ್‌ನಲ್ಲಿ ಮಾಲೆಯ ನೀರಿನ ಘಟಕಕ್ಕೆ ಬೆಂಕಿ ಬಿದ್ದು ಭಾರತವು ವಿಮಾನ, ಹಡಗುಗಳಲ್ಲಿ ನೀರು ಕಳಿಸಿದಾಗ ನಾನು ರಜೆಗೆ ಊರಿಗೆ ಬಂದಿದ್ದೆ. ಟಿವಿ ನೋಡುತ್ತಿದ್ದ ಅಮ್ಮ ನಮ್ಮ ನಲ್ಲಿಯ ಕಡೆ ಒಮ್ಮೆ ತಿರುಗಿ, ಏನೂ ಹೇಳದೆ ಕೊಡ ತೊಳೆಯಲು ಹೋದಳು.

ನಾನು ಮರೆಯದ ಪಾಠ ಓಬವ್ವನದು. ಅವರ ಚರಿತ್ರೆಯ ವೀರ ಮುಹಮ್ಮದ್ ತಕುರುಫಾನು. ಹದಿನೈದು ವರ್ಷ ಆಳಿದ ಪೋರ್ಚುಗೀಸರನ್ನು 1573ರಲ್ಲಿ ಓಡಿಸಿದವನು, ಕಳುಒಫ್ಫುಮ್ಮಿ ಎಂಬ ಹಡಗಿನಲ್ಲಿ ರಾತ್ರಿ ಬಂದು ಹೊಡೆದು ಬೆಳಗಾಗುವುದರೊಳಗೆ ಮಾಯವಾಗುತ್ತಿದ್ದವನು. ಆ ಕಥೆಯನ್ನು ಮಕ್ಕಳು ಮುರುಕು ಇಂಗ್ಲಿಷಿನಲ್ಲಿ ಒಬ್ಬರ ಮೇಲೊಬ್ಬರು ಬಿದ್ದು ಹೇಳಿದರು. ಪ್ರತಿಯಾಗಿ ನಾನು ಒನಕೆ ಓಬವ್ವನ ಕಥೆ ತೆಗೆದೆ. ಹೈದರಾಲಿಯ ಹೆಸರು ಬಂದಾಗ ಮಕ್ಕಳು ಹೇಗೆ ತೆಗೆದುಕೊಳ್ಳುತ್ತಾರೋ ಎಂದು ಒಳಗೇ ಅಳುಕಿತ್ತು. ಅವರ ಚಿಂತೆಯೇ ಬೇರೆ: “ಕಿಂಡಿ ಎಷ್ಟು ದೊಡ್ಡದು, ಮಿಸ್?”

ಒಬ್ಬರು ತೆವಳಿ ಬರುವಷ್ಟು ಎಂದೆ. ಎರಡು ಡೆಸ್ಕ್ ಜೋಡಿಸಿ ಕೆಳಗೆ ಕಿಂಡಿ ಮಾಡಿದರು. ಅಲ್ಲಿ ಒನಕೆ ಎಲ್ಲಿಂದ ಬರಬೇಕು? ಸಾಧು ಮುಖದವನು ಓಡಿಹೋಗಿ ಅಪ್ಪನ ದೋಣಿಯ ಹುಟ್ಟು ತಂದ. ವರ್ಷವಿಡೀ ಬಾಯಿ ಬಿಡದಿದ್ದ ಒಬ್ಬಳು ಹುಡುಗಿ ಎದ್ದು ಬಂದು ಅದನ್ನು ಕಸಿದುಕೊಂಡಳು. ನಿಯಮ ಒಂದೇ: ತೆವಳಿ ಬಂದ ಪ್ರತಿ ಸೈನಿಕನೂ ಸಾಯುವ ಮುನ್ನ ಭೂತಕಾಲದಲ್ಲಿ ಒಂದು ಸರಿಯಾದ ಇಂಗ್ಲಿಷ್ ವಾಕ್ಯ ಹೇಳಬೇಕು, ತಪ್ಪಿದರೆ ಹಿಂದಕ್ಕೆ ತೆವಳಿ ಮತ್ತೆ ಬರಬೇಕು. ಡೆಸ್ಕ್ ಬಾರಿಸುವ ಆರೂ ಜನ ಸೈನಿಕರಾದರು. ಮೊದಲನೆಯವನು ನಾಲ್ಕು ಸಲ ತೆವಳಿದ. ಮೊಣಕಾಲಿನ ಬಟ್ಟೆ ಬಿಳಿ ಧೂಳಾಗಿ, ಅಂಗಿ ಬೆವತು, ಕೊನೆಗೆ “ಐ ಕೇಮ್, ಐ ಸಾ, ಐ ಡೈಡ್” ಎಂದು ಸ್ಪಷ್ಟವಾಗಿ ಹೇಳಿ ಅಂಗಾತ ಬಿದ್ದ. ಹುಟ್ಟು ಹಿಡಿದವಳು ಅವನ ಕಾಲು ಹಿಡಿದು ಬದಿಗೆ ಎಳೆದು, “ನೆಕ್ಸ್ಟ್!” ಎಂದಳು.

ಎಲ್ಲರೂ ದಾರಿಗೆ ಬಂದರು ಎಂದರೆ ಸುಳ್ಳಾಗುತ್ತದೆ. ಕಿಟಕಿಯ ಪಕ್ಕದ ಒಬ್ಬನಿಗೆ ಮೂರು ವರ್ಷದಲ್ಲಿ ನಾನು ಏನನ್ನೂ ಕಲಿಸಲಾಗಲಿಲ್ಲ. ಅವನ ಕಣ್ಣು ಸಮುದ್ರದ ಮೇಲೇ ಇರುತ್ತಿತ್ತು. ಸಮುದ್ರವೂ ಹಾಗಿತ್ತು, ಏನು ಮಾಡುವುದು.

2015ರ ಕೊನೆಯಲ್ಲಿ ಸಾಲ ತೀರಿಸಿ ಮರಳಿದೆ. ಈಗ ನಮ್ಮ ಬೀದಿಯ ಇಬ್ಬರು ಬಿ.ಇಡಿ. ಹುಡುಗಿಯರು ಅಲ್ಲಿಗೆ ಹೊರಟಿದ್ದಾರೆ. ಸಂಜೆ ಮಂಡಕ್ಕಿ ಮೆಣಸಿನಕಾಯಿ ಕಟ್ಟಿಸಿಕೊಂಡು ವಿಚಾರಿಸಲು ಬರುತ್ತಾರೆ. ಒಪ್ಪಂದದಲ್ಲಿ ದ್ವೀಪದ ಹೆಸರಿಲ್ಲದೆ ಸಹಿ ಮಾಡಬೇಡಿ ಎಂದಿದ್ದೇನೆ. ವಾರದ ರಜೆ ಶುಕ್ರವಾರ ಮತ್ತು ಶನಿವಾರ. ಭಾನುವಾರ ಶಾಲೆಯಿರುತ್ತದೆ, ಮಲಗಿಬಿಡಬೇಡಿ. ರಾಗಿ ಹಿಟ್ಟು ಹೆಚ್ಚು ಒಯ್ಯಬೇಡಿ, ಆ ಉಪ್ಪುಗಾಳಿಯ ತೇವಕ್ಕೆ ಮುಗ್ಗಲು ಹಿಡಿಯುತ್ತದೆ. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿಯನ್ನು ಬಿಗಿ ಡಬ್ಬಿಯಲ್ಲಿ ತುಂಬಿಕೊಳ್ಳಿ. ಮೊದಲ ಸಂಬಳದಲ್ಲಿ ಫ್ಯಾನ್ ಕೊಳ್ಳಿ. ಅವರು ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದಾರೆ.

ಕಾಳು ಎಂದರೇನು ಎಂಬುದನ್ನು ಮಾತ್ರ ಹೇಳಿಲ್ಲ.