ಟೋಫು ನೂಡಲ್ಸ್: ಮೊದಲು ನೀರು ಓಡಿಸಿ, ಆಮೇಲೆ ಸಾಸ್ ಹಾಕಿ

ಪಾಸ್ತಾ ತಿನ್ನುವ ಆಸೆ ಇದೆ, ಆದರೆ ಕಾರ್ಬ್ ಬೇಡ. ಅಂಥವರಿಗೆ ಟೋಫು ಶಿರಾಟಾಕಿ ನೂಡಲ್ಸ್ (ಕೊನ್ಯಾಕು ಗೆಡ್ಡೆಯ ಹಿಟ್ಟಿಗೆ ಟೋಫು, ಅಂದರೆ ಸೋಯಾ ಪನೀರ್, ಸೇರಿಸಿ ಮಾಡಿದ ಎಳೆ) ಒಳ್ಳೆಯ ದಾರಿ. ಬೇಯಿಸಿದ 100 ಗ್ರಾಂ ಗೋಧಿ ಪಾಸ್ತಾದಲ್ಲಿ ಸುಮಾರು 30 ಗ್ರಾಂ ಕಾರ್ಬೋಹೈಡ್ರೇಟ್ ಇರುತ್ತದೆ. ಈ ನೂಡಲ್ಸ್‌ನಲ್ಲಿ ಸಾಮಾನ್ಯವಾಗಿ 3 ಗ್ರಾಂ ಆಸುಪಾಸು, ಅದರಲ್ಲೂ ಜಾಸ್ತಿ ಪಾಲು ನಾರು. ಉಳಿದದ್ದೆಲ್ಲ ಹೆಚ್ಚುಕಡಿಮೆ ನೀರೇ. ಕೊನ್ಯಾಕು ಗೆಡ್ಡೆಯ ಹಿಟ್ಟಿನಲ್ಲಿರುವ ಗ್ಲುಕೊಮನ್ನಾನ್ ಎಂಬ ನಾರು ಆ ನೀರನ್ನು ಹಿಡಿದಿಡುತ್ತದೆ. ಜೊತೆಗೆ ಸೇರಿಸುವ ಟೋಫುವಿನಿಂದ ಎಳೆ ಸ್ವಲ್ಪ ಮೆದುವಾಗುತ್ತದೆ. ಅಡುಗೆ ಕೆಡುವುದೂ ಇದೇ ನೀರಿನಿಂದ.

ಮೊದಲು ಪ್ಯಾಕೆಟ್ ನೋಡಿ. ನೀರಿನಲ್ಲಿ ತೇಲುತ್ತಿದ್ದರೆ ಅದು ಶಿರಾಟಾಕಿ. ಗಟ್ಟಿ ಟೋಫುವನ್ನೇ ಒತ್ತಿ, ಎಳೆಯಾಗಿ ಕತ್ತರಿಸಿದ್ದೂ ಸಿಗುತ್ತದೆ. ಅದರಲ್ಲಿ ಪ್ರೋಟೀನ್ ಜಾಸ್ತಿ, ರಗಳೆ ಕಡಿಮೆ. ಬಿಸಿನೀರಲ್ಲಿ ಎರಡು ನಿಮಿಷ ಅದ್ದಿ ತೆಗೆದರೆ ಸಾಕು. ಇಲ್ಲಿ ಹೇಳುವುದು ನೀರಿನಲ್ಲಿರುವುದರ ಬಗ್ಗೆ.

ಪ್ಯಾಕೆಟ್ ಒಡೆದ ಕೂಡಲೇ ಮೀನಿನಂಥ ವಾಸನೆ ಬರಬಹುದು. ಹಾಳಾಗಿದೆ ಅಂತ ಎಸೆಯಬೇಡಿ, ಅದರ ಸ್ವಭಾವವೇ ಹಾಗೆ. ಆ ನೀರು ಚೆಲ್ಲಿ, ಜರಡಿಗೆ ಸುರಿದು, ನಲ್ಲಿ ಕೆಳಗೆ ಒಂದೆರಡು ನಿಮಿಷ ಕೈಯಲ್ಲಿ ಬಿಡಿಸುತ್ತಾ ತೊಳೆಯಿರಿ. ಎಳೆಗಳು ವಿಪರೀತ ಉದ್ದ ಇರುತ್ತವೆ, ಕತ್ತರಿಯಲ್ಲಿ ನಾಲ್ಕು ಸಲ ಕತ್ತರಿಸಿ. ಆಮೇಲೆ ಕುದಿಯುವ ನೀರಲ್ಲಿ 2–3 ನಿಮಿಷ ಬಿಟ್ಟು ಬಸಿಯಿರಿ. ಇದು ಬೇಯಿಸಲಿಕ್ಕಲ್ಲ, ಉಳಿದ ವಾಸನೆ ಹೋಗಲಿಕ್ಕೆ.

ಈಗ ಮುಖ್ಯ ಕೆಲಸ. ಅಗಲವಾದ ಬಾಣಲೆ ಕಾಯಿಸಿ, ಎಣ್ಣೆ ಹಾಕದೆ ನೂಡಲ್ಸ್ ಹರಡಿ. ಮಧ್ಯಮ ಉರಿಯಲ್ಲಿ ಐದಾರು ನಿಮಿಷ ಕೈಯಾಡಿಸಿ. ಮೊದಲು ಆವಿ ಏಳುತ್ತದೆ, ತಳದಲ್ಲಿ ನೀರು ಕಾಣುತ್ತದೆ. ಆವಿ ನಿಂತು, ತಿರುವಿದಾಗ ಕಿಚ್ ಕಿಚ್ ಸದ್ದು ಬಂದರೆ ಆಯಿತು. ತುಂಬಾ ಜನ ಬಿಡುವುದು ಇದೇ ಹಂತವನ್ನು. ಆಮೇಲೆ ತಟ್ಟೆಯಲ್ಲಿ ಸಾಸ್ ಒಂದು ಕಡೆ, ನೀರು ಒಂದು ಕಡೆ!

ಸಾಸ್ ಬೇರೆ ಪಾತ್ರೆಯಲ್ಲಿ ಮಾಡಿ, ಮಾಮೂಲಿಗಿಂತ ಗಟ್ಟಿಯಾಗಿರಲಿ. ಪಾಸ್ತಾ ಬೇಯಿಸಿದ ನೀರಿನಲ್ಲಿರುವ ಪಿಷ್ಟ ಸಾಸನ್ನು ಮಂದ ಮಾಡುತ್ತದಲ್ವಾ, ಇಲ್ಲಿ ಆ ಸಹಾಯ ಇಲ್ಲ. ಹಾಗಾಗಿ ಕ್ರೀಮ್, ಚೀಸ್, ಪೆಸ್ಟೊ ಚೆನ್ನಾಗಿ ಹಿಡಿಯುತ್ತವೆ. ಟೊಮೆಟೊ ಸಾಸ್ ಆದರೆ ಚೆನ್ನಾಗಿ ಬತ್ತಿಸಿ. ಎಳೆಗೆ ಸ್ವಂತ ರುಚಿ ಇಲ್ಲ, ಬೆಳ್ಳುಳ್ಳಿ, ಮೆಣಸು ಧಾರಾಳವಾಗಿರಲಿ. ಸಾಸ್‌ಗೆ ನೂಡಲ್ಸ್ ಹಾಕಿ ಒಲೆಯ ಮೇಲೇ ಎರಡು ನಿಮಿಷ ಹೊರಳಿಸಿ, ಬಿಸಿಬಿಸಿ ತಿನ್ನಿ.

ಗೋಧಿ ಪಾಸ್ತಾ ಅಗಿಯುವಾಗ ಸಿಗುವ ಹದ ಇದರಲ್ಲಿ ಸಿಗುವುದಿಲ್ಲ, ಸ್ವಲ್ಪ ರಬ್ಬರಿನ ಹಾಗೇ ಇರುತ್ತದೆ. ಅಗಲ ಎಳೆಯದನ್ನು ಆರಿಸಿದರೆ ಅದು ಅಷ್ಟಾಗಿ ಗೊತ್ತಾಗುವುದಿಲ್ಲ. ಕ್ಯಾಲೊರಿಯೂ ಪ್ರೋಟೀನೂ ತೀರಾ ಕಡಿಮೆ, ಆದ್ದರಿಂದ ಮೊಟ್ಟೆ, ಕೋಳಿ ಅಥವಾ ಗಟ್ಟಿ ಟೋಫು ಜೊತೆಗಿರಲಿ. ಚೆನ್ನಾಗಿ ಅಗಿದು ತಿನ್ನಿ. ಸೋಯಾ ಅಲರ್ಜಿ ಇದ್ದವರಿಗೆ ಇದು ಬೇಡ. ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವವರು ದಿನಾ ತಿನ್ನುವ ಮುಂಚೆ ವೈದ್ಯರನ್ನು ಕೇಳಿ. ಉಳಿದರೆ ಫ್ರಿಜ್‌ನಲ್ಲಿಡಿ, ಫ್ರೀಜರ್‌ಗೆ ಹಾಕಬೇಡಿ. ಹೆಪ್ಪುಗಟ್ಟಿ ಕರಗಿದ ಮೇಲೆ ನೀರು ಬಿಟ್ಟು ಎಳೆ ನಾರುನಾರಾಗುತ್ತದೆ.