ಮೇಕ್ ಇನ್‌ಸ್ಟಾಲ್ ಆಯ್ತು, ಪ್ರೋಗ್ರಾಂ ಏಳುತ್ತಿಲ್ಲ! ಲೈಬ್ರರಿ ಹುಡುಕುವುದು ಹೇಗೆ?

ಹಳೆ ಕನ್ನಡ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ, ಚಿತ್ರದಲ್ಲಿರುವ ಅಕ್ಷರ ಗುರುತಿಸುವ ಟೆಸ್ಸರಾಕ್ಟ್ ಪ್ರೋಗ್ರಾಂ ಕೈಲಿ ಓದಿಸಿ, ಪಠ್ಯ ಮಾಡಿಕೊಳ್ಳುವ ಆಸೆ ಶಿವಮೊಗ್ಗದ ಕಾಲೇಜು ಹುಡುಗರಲ್ಲಿ ಹಲವರಿಗೆ ಇದೆ. ಉಬುಂಟು 22.04ರ ಭಂಡಾರದಲ್ಲಿ ಸಿಗುವುದು ಟೆಸ್ಸರಾಕ್ಟ್‌ನ ನಾಲ್ಕನೇ ಆವೃತ್ತಿ. ಐದು ಬೇಕು ಅಂತ ಸೋರ್ಸ್ ಇಳಿಸಿಕೊಂಡು ತಾವೇ ಬಿಲ್ಡ್ ಮಾಡುತ್ತಾರೆ. ಒಳ್ಳೆಯದೇ. ಕಾನ್ಫಿಗರ್, ಮೇಕ್, ಮೇಕ್ ಇನ್‌ಸ್ಟಾಲ್ ಎಲ್ಲ ಸಲೀಸು. ಆಮೇಲೆ ಟೆಸ್ಸರಾಕ್ಟ್ ಅಂತ ಹೊಡೆದರೆ ಒಂದೇ ಸಾಲು ಬಂದು ನಿಲ್ಲುತ್ತದೆ: ‘ಎರರ್ ವೈಲ್ ಲೋಡಿಂಗ್ ಶೇರ್ಡ್ ಲೈಬ್ರರೀಸ್: ಲಿಬ್‌ಟೆಸ್ಸರಾಕ್ಟ್.ಎಸ್ಒ.5: ಕೆನಾಟ್ ಓಪನ್ ಶೇರ್ಡ್ ಆಬ್ಜೆಕ್ಟ್ ಫೈಲ್’.

ಇಲ್ಲಿಂದ ಶುರುವಾಗುತ್ತದೆ ಗೋಳು. ಒಬ್ಬರು ಎಲ್ಲ ಅಳಿಸಿ ಮೊದಲಿಂದ ಬಿಲ್ಡ್ ಮಾಡುತ್ತಾರೆ. ಇನ್ನೊಬ್ಬರು ಎಲ್ಲಿಂದಲೋ ಒಂದು ಸಾಲು ನಕಲು ಮಾಡಿ ಅಂಟಿಸುತ್ತಾರೆ. ಮತ್ತೊಬ್ಬರು ಉಬುಂಟುವನ್ನೇ ಹೊಸದಾಗಿ ಹಾಕಲು ಕೂರುತ್ತಾರೆ. ಇದ್ಯಾವುದೂ ಬೇಡ. ಲೈಬ್ರರಿ, ಅಂದರೆ ಪ್ರೋಗ್ರಾಮಿಗೆ ಬೇಕಾದ ಕೋಡ್ ಇರುವ ಫೈಲ್, ಡಿಸ್ಕಿನಲ್ಲೇ ಇರುತ್ತದೆ. ಪ್ರೋಗ್ರಾಂ ಏಳುವಾಗ ಅದನ್ನು ತರಬೇಕಾದ ಲೋಡರ್‌ಗೆ ಅದು ಎಲ್ಲಿದೆ ಅಂತ ಗೊತ್ತಿರುವುದಿಲ್ಲ, ಅಷ್ಟೇ. ಅದು ಎಲ್ಲೆಲ್ಲಿ ಹುಡುಕಿತು ಅಂತ ಅದನ್ನೇ ಕೇಳಬಹುದು.

(ಕೆಳಗಿನ ಕಮಾಂಡುಗಳನ್ನು ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರ ಬಳಸಿ. ದೊಡ್ಡಕ್ಷರ ಬೇಕಾದ ಕಡೆ ಹೇಳುತ್ತೇನೆ.)

ಹೆಜ್ಜೆ 1: ಎರರ್ ಯಾವ ಹೊತ್ತಿನದು ನೋಡಿ

ಮೇಕ್ ಓಡುವಾಗಲೇ ‘ಕೆನಾಟ್ ಫೈಂಡ್ -ಎಲ್’ ಅಂತ ಬಂದರೆ ಅದು ಬಿಲ್ಡ್ ಹೊತ್ತಿನಲ್ಲಿ ಲೈಬ್ರರಿ ಜೋಡಿಸುವ ಲಿಂಕರ್‌ನ ದೂರು. ಆ ಲೈಬ್ರರಿಯ ಡೆವ್ ಪ್ಯಾಕೇಜ್ (ಬಿಲ್ಡ್ ಮಾಡುವವರಿಗೆ ಬೇಕಾದ ಫೈಲುಗಳ ಕಟ್ಟು) ಹಾಕಿ, ಮುಗಿಯಿತು. ಮೇಕ್ ಮುಗಿದು, ಪ್ರೋಗ್ರಾಂ ಓಡಿಸುವಾಗ ಬಂದರೆ ಅದು ಲೋಡರ್‌ನ ದೂರು. ಈ ಲೇಖನ ಅದರ ಬಗ್ಗೆ. ಎರಡನ್ನೂ ಕಲಸಿಕೊಂಡರೆ ಒಂದರ ಮದ್ದು ಇನ್ನೊಂದಕ್ಕೆ ಹಾಕುತ್ತೀರಿ.

ಹೆಜ್ಜೆ 2: ಎಲ್‌ಡಿಕಾನ್ಫಿಗ್

‘ಸುಡೊ ಎಲ್‌ಡಿಕಾನ್ಫಿಗ್’ ಹೊಡೆಯಿರಿ. ಉಬುಂಟು, ಡೆಬಿಯನ್‌ಗಳಲ್ಲಿ ಬಹಳ ಸಲ ಕಥೆ ಇಲ್ಲಿಗೇ ಮುಗಿಯುತ್ತದೆ.

ಕಾರಣ ಸರಳ. ನೀವು ಬಿಲ್ಡ್ ಮಾಡಿದ ಲೈಬ್ರರಿ ಹೋಗಿ ಕೂರುವುದು /ಯುಎಸ್ಆರ್/ಲೋಕಲ್/ಲಿಬ್ ಒಳಗೆ. ಲೋಡರ್ ಆ ಫೋಲ್ಡರನ್ನು ಪ್ರತಿ ಸಲ ಹೋಗಿ ನೋಡುವುದಿಲ್ಲ. /ಇಟಿಸಿ ಒಳಗಿನ ಎಲ್‌ಡಿ.ಎಸ್ಒ.ಕ್ಯಾಶ್ ಅನ್ನುವ ಪಟ್ಟಿಯನ್ನು ನೋಡುತ್ತದೆ. ರೇಷನ್ ಅಂಗಡಿಯ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಆಸಾಮಿ ಎದುರಿಗೇ ನಿಂತಿದ್ದರೂ ಅಕ್ಕಿ ಸಿಗಲ್ಲ ಅಲ್ವಾ, ಹಾಗೆ. ಎಲ್‌ಡಿಕಾನ್ಫಿಗ್ ಆ ಪಟ್ಟಿಯನ್ನು ಹೊಸದಾಗಿ ಬರೆಯುತ್ತದೆ. ಟೆಸ್ಸರಾಕ್ಟ್‌ನವರ ಬಿಲ್ಡ್ ಸೂಚನೆಯಲ್ಲೇ ಮೇಕ್ ಇನ್‌ಸ್ಟಾಲ್ ಆದಮೇಲೆ ಈ ಸಾಲು ಇದೆ. ಓದುವವರು ಮಾತ್ರ ಅದಕ್ಕಿಂತ ಒಂದು ಸಾಲು ಮೊದಲೇ ನಿಲ್ಲಿಸಿರುತ್ತಾರೆ.

ಫೆಡೋರಾ ಬಳಸುವವರಿಗೆ ಇಷ್ಟು ಸಾಲದು. ಅಲ್ಲಿ /ಯುಎಸ್ಆರ್/ಲೋಕಲ್ ಒಳಗಿನ ಲಿಬ್ ಫೋಲ್ಡರುಗಳನ್ನು ನಾವೇ ಹೇಳಿ ಸೇರಿಸಬೇಕು. /ಇಟಿಸಿ/ಎಲ್‌ಡಿ.ಎಸ್ಒ.ಕಾನ್ಫ್.ಡಿ ಒಳಗೆ .ಕಾನ್ಫ್ ಅಂತ ಕೊನೆಯಾಗುವ ಒಂದು ಫೈಲ್ ಮಾಡಿ, ಫೋಲ್ಡರಿನ ಪೂರ್ತಿ ದಾರಿ ಬರೆದು, ಮತ್ತೆ ಎಲ್‌ಡಿಕಾನ್ಫಿಗ್ ಹೊಡೆಯಿರಿ. ಕಾನ್ಫಿಗರ್ ಬದಲು ಸಿಮೇಕ್ ಅನ್ನುವ ಬಿಲ್ಡ್ ಸಾಧನದಲ್ಲಿ ಮಾಡಿದ್ದು ಅಲ್ಲಿ ಲಿಬ್ ಬದಲು ಲಿಬ್64ಕ್ಕೆ ಹೋಗಿರಬಹುದು. ಊಹೆ ಮಾಡಬೇಡಿ, ಮೇಕ್ ಇನ್‌ಸ್ಟಾಲ್ ಉಗುಳಿದ ಸಾಲುಗಳನ್ನು ಮೇಲೆ ಹೋಗಿ ಓದಿ.

ಹೆಜ್ಜೆ 3: ಲೋಡರನ್ನೇ ಕೇಳಿ

ಇನ್ನೂ ಏಳಲಿಲ್ಲವಾ? ಈಗ ನಿಧಾನಕ್ಕೆ ಕೂತುಕೊಳ್ಳಿ. ಎಲ್ಲರೂ ಹಾರಿ ಹೋಗುವುದು ಈ ಹೆಜ್ಜೆಯನ್ನೇ.

ಮೊದಲು ‘ಎಲ್‌ಡಿಡಿ’ ಅಂತ ಬರೆದು, ಜಾಗ ಬಿಟ್ಟು, ಪ್ರೋಗ್ರಾಮಿನ ಪೂರ್ತಿ ದಾರಿ ಕೊಡಿ. ಬೇಕಾದ ಲೈಬ್ರರಿಗಳ ಹೆಸರು ಸಾಲಾಗಿ ಬರುತ್ತವೆ, ಪಕ್ಕದಲ್ಲಿ ಎಲ್ಲಿ ಸಿಕ್ಕಿತು ಅನ್ನುವುದು. ‘ನಾಟ್ ಫೌಂಡ್’ ಇರುವ ಸಾಲೇ ನಿಮ್ಮ ಅಪರಾಧಿ. ಆದರೆ ಸಿಕ್ಕಿದ ಸಾಲುಗಳನ್ನೂ ಓದಿ. ನೀವು ಹೊಸದಾಗಿ ಬಿಲ್ಡ್ ಮಾಡಿದ ಲೆಪ್ಟೋನಿಕಾ (ಟೆಸ್ಸರಾಕ್ಟ್ ಚಿತ್ರ ಓದಲು ಬಳಸುವ ಲೈಬ್ರರಿ) ಬಿಟ್ಟು ಭಂಡಾರದ ಹಳೆ ಲೆಪ್ಟೋನಿಕಾವನ್ನು ಎತ್ತಿಕೊಂಡಿರುವುದು ಇಲ್ಲೇ ಕಾಣುತ್ತದೆ. ‘ಅನ್‌ಡಿಫೈನ್ಡ್ ಸಿಂಬಲ್’ ಅಂತ ಎರರ್ ಬಂದರೆ ಹೀಗೆ ಹೊಸ ಪ್ರೋಗ್ರಾಂ ಜೊತೆ ಹಳೆ ಲೈಬ್ರರಿ ಸೇರಿಕೊಂಡಿದೆಯಾ ಅಂತ ಮೊದಲು ನೋಡಿ.

ಎರಡು ಎಚ್ಚರಿಕೆ. ಅಪರಿಚಿತರು ಕೊಟ್ಟ ಪ್ರೋಗ್ರಾಂ ಮೇಲೆ ಎಲ್‌ಡಿಡಿ ಓಡಿಸಬೇಡಿ. ಕೆಲವು ಸಂದರ್ಭದಲ್ಲಿ ಅದು ಆ ಪ್ರೋಗ್ರಾಮನ್ನೇ ಓಡಿಸಿಬಿಡಬಹುದು. ‘ರೀಡೆಲ್ಫ್ -ಡಿ’ ಸಾಕು, ಅದು ಸುಮ್ನೆ ಓದುತ್ತದೆ. ಇನ್ನೊಂದು: ಬಿಲ್ಡ್ ಫೋಲ್ಡರಿನಲ್ಲಿರುವ ಪ್ರೋಗ್ರಾಂ ಮೇಲೆ ಎಲ್‌ಡಿಡಿ ಹೊಡೆದು ‘ನಾಟ್ ಎ ಡೈನಾಮಿಕ್ ಎಕ್ಸಿಕ್ಯೂಟಬಲ್’ ಅಂತ ಬಂದರೆ ಗಾಬರಿ ಬೇಡ. ಅದು ಲಿಬ್‌ಟೂಲ್ ಅನ್ನುವ ಬಿಲ್ಡ್ ಸಾಧನ ಮಾಡಿಟ್ಟ ಸ್ಕ್ರಿಪ್ಟು. ಅಸಲಿ ಪ್ರೋಗ್ರಾಂ .ಲಿಬ್ಸ್ ಅನ್ನುವ ಅಡಗಿದ ಫೋಲ್ಡರಿನಲ್ಲಿರುತ್ತದೆ.

ಇನ್ನು ನನ್ನ ಅಚ್ಚುಮೆಚ್ಚಿನ ಅಸ್ತ್ರ. ಕಮಾಂಡಿನ ಮುಂದೆ ‘ಎಲ್‌ಡಿ_ಡೀಬಗ್=ಲಿಬ್ಸ್’ ಅಂತ ಸೇರಿಸಿ ಓಡಿಸಿ. ಸಮ ಚಿಹ್ನೆಯ ಎಡಕ್ಕಿರುವುದು ದೊಡ್ಡಕ್ಷರ, ಬಲಕ್ಕಿರುವುದು ಸಣ್ಣಕ್ಷರ. ಲೋಡರ್ ಆಗ ಬಾಯಿ ಬಿಡುತ್ತದೆ. ಯಾವ ಹೆಸರು ಹುಡುಕುತ್ತಿದ್ದೇನೆ, ಯಾವ ಫೋಲ್ಡರ್ ನೋಡಿದೆ, ಪಟ್ಟಿ ನೋಡಿದೆನಾ, ಯಾವ ಫೈಲನ್ನು ಪ್ರಯತ್ನಿಸಿದೆ, ಎಲ್ಲ ಒಂದೊಂದೇ ಸಾಲಿನಲ್ಲಿ. ಪರದೆ ತುಂಬ ಸುರಿಯುತ್ತದೆ. ಹೆದರಬೇಡಿ, ಕಾಣೆಯಾದ ಲೈಬ್ರರಿಯ ಹೆಸರಿನಿಂದ ಕೆಳಗೆ ಓದಿಕೊಂಡು ಹೋಗಿ.

ಓದುವಾಗ ಹುಡುಕುವ ಕ್ರಮ ತಿಳಿದಿರಲಿ. ಪ್ರೋಗ್ರಾಮಿನ ಒಳಗೇ ಆರ್‌ಪಾತ್ (ಲೈಬ್ರರಿ ಹುಡುಕಬೇಕಾದ ದಾರಿ) ಬರೆದಿದ್ದರೆ ಮೊದಲು ಅಲ್ಲಿ. ಆಮೇಲೆ ಎಲ್‌ಡಿ_ಲೈಬ್ರರಿ_ಪಾತ್ (ಪೂರ್ತಿ ದೊಡ್ಡಕ್ಷರ) ಅನ್ನುವ ವೇರಿಯಬಲ್‌ನಲ್ಲಿ ಹೇಳಿದ ಕಡೆ. ಆಮೇಲೆ ಪ್ರೋಗ್ರಾಮಿನ ಒಳಗೇ ಬರೆದ ಇನ್ನೊಂದು ಬಗೆಯ ದಾರಿ, ರನ್‌ಪಾತ್. ಆಮೇಲೆ ಕ್ಯಾಶ್ ಪಟ್ಟಿ. ಕೊನೆಗೆ /ಲಿಬ್ ಮತ್ತು /ಯುಎಸ್ಆರ್/ಲಿಬ್. ರನ್‌ಪಾತ್ ಇದ್ದರೆ ಆರ್‌ಪಾತನ್ನು ಲೋಡರ್ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ರನ್‌ಪಾತ್‌ಗೆ ಇನ್ನೊಂದು ಗುಣವಿದೆ. ಅದು ಪ್ರೋಗ್ರಾಂ ನೇರವಾಗಿ ಕೇಳುವ ಲೈಬ್ರರಿಗೆ ಮಾತ್ರ ಅನ್ವಯ. ಆ ಲೈಬ್ರರಿ ಮತ್ತೊಂದನ್ನು ಕೇಳಿದರೆ ಪ್ರೋಗ್ರಾಮಿನ ರನ್‌ಪಾತ್ ಉಪಯೋಗಕ್ಕೆ ಬರುವುದಿಲ್ಲ. ಟೆಸ್ಸರಾಕ್ಟ್ ಸಿಕ್ಕಿತು, ಅದು ಕೇಳುವ ಲೆಪ್ಟೋನಿಕಾ ಮಾತ್ರ ಸಿಗಲಿಲ್ಲ ಅನ್ನುವ ಒಗಟಿಗೆ ಇದೂ ಕಾರಣ ಇರಬಹುದು.

ಹೆಜ್ಜೆ 4: ಮದ್ದು ಹಾಕುವುದು

ಅಂಟಿಸುವವರಿಗೆ ಪ್ರೀತಿಯ ಸಾಲು ಎಲ್‌ಡಿ_ಲೈಬ್ರರಿ_ಪಾತ್. ಅದು ಪರೀಕ್ಷೆಗೆ ಮಾತ್ರ. ಒಂದು ಸಲ ಕಮಾಂಡಿನ ಮುಂದೆ ಬರೆದು, ಪ್ರೋಗ್ರಾಂ ಓಡಿದರೆ, ಸಮಸ್ಯೆ ಜಾಗದ್ದೇ ಅಂತ ಖಾತ್ರಿಯಾಯಿತು. ಅಲ್ಲಿಗೆ ನಿಲ್ಲಿಸಿ. ಅದನ್ನು ಟರ್ಮಿನಲ್ ತೆರೆದಾಗೆಲ್ಲ ಓಡುವ ಬ್ಯಾಶ್‌ಆರ್‌ಸಿ ಫೈಲಿನಲ್ಲಿ ಹಾಕಿಬಿಟ್ಟರೆ ಆ ಟರ್ಮಿನಲ್‌ನಿಂದ ಓಡುವ ಎಲ್ಲ ಪ್ರೋಗ್ರಾಮೂ ಮೊದಲು ನಿಮ್ಮ ಫೋಲ್ಡರನ್ನೇ ನೋಡುತ್ತದೆ. ತಿಂಗಳಾದಮೇಲೆ ಇನ್ಯಾವುದೋ ಪ್ರೋಗ್ರಾಂ ಕುಸಿದು ಬಿದ್ದಾಗ ಈ ಸಾಲು ನಿಮಗೆ ನೆನಪೇ ಇರಲ್ಲ. ಮೇಲಾಗಿ ಸುಡೊ ಜೊತೆ ಓಡಿಸಿದರೆ ಆ ವೇರಿಯಬಲ್ ದಾಟಿ ಹೋಗುವುದೂ ಇಲ್ಲ.

ಇಡೀ ಯಂತ್ರಕ್ಕೆ ಬೇಕಾದ ಲೈಬ್ರರಿಗೆ ಎಲ್‌ಡಿಕಾನ್ಫಿಗ್ ಸರಿ. ನಿಮ್ಮ ಹೋಮ್ ಫೋಲ್ಡರಿನಲ್ಲಿ ಇಟ್ಟುಕೊಂಡದ್ದಕ್ಕೆ ರನ್‌ಪಾತ್ ಸರಿ. ಕಾಲೇಜು ಲ್ಯಾಬಿನಲ್ಲಿ ಸುಡೊ ಸಿಗದವರಿಗೂ ಇದೇ ದಾರಿ. ಲಿಂಕ್ ಮಾಡುವಾಗ ‘-ಆರ್‌ಪಾತ್’ ಆಯ್ಕೆ ಕೊಡಬಹುದು (ಹೆಸರು ಹೀಗಿದ್ದರೂ ಉಬುಂಟುವಿನಲ್ಲಿ ಅದು ಬರೆಯುವುದು ರನ್‌ಪಾತ್). ಬಿಲ್ಡ್ ಆಗಿಹೋಗಿದ್ದರೆ ‘ಪ್ಯಾಚೆಲ್ಫ್’ ಅನ್ನುವ ಸಣ್ಣ ಸಾಧನ ಹಾಕಿಕೊಂಡು ‘--ಸೆಟ್-ಆರ್‌ಪಾತ್’ನಿಂದ ಬರೆಯಬಹುದು, ಮತ್ತೆ ಬಿಲ್ಡ್ ಮಾಡುವುದು ಬೇಡ. ಫೋಲ್ಡರಿನ ಪೂರ್ತಿ ದಾರಿ ಬರೆಯುವ ಬದಲು ದೊಡ್ಡಕ್ಷರದಲ್ಲಿ ‘$ಒರಿಜಿನ್’ ಅಂತ ಬರೆದರೆ ‘ಪ್ರೋಗ್ರಾಂ ಇರುವ ಜಾಗದಿಂದ’ ಅಂತ ಅರ್ಥ. ಫೋಲ್ಡರನ್ನು ಎಲ್ಲಿಗೆ ಸಾಗಿಸಿದರೂ ಓಡುತ್ತದೆ. ಒಂಟಿ ಉದ್ಧರಣ ಚಿಹ್ನೆಯೊಳಗೇ ಬರೆಯಿರಿ, ಇಲ್ಲದಿದ್ದರೆ ಶೆಲ್ ಅದನ್ನು ನುಂಗಿ ಖಾಲಿ ಮಾಡುತ್ತದೆ.

ಸಿಮೇಕ್ ಯೋಜನೆ ಬಿಲ್ಡ್ ಫೋಲ್ಡರಿನಲ್ಲಿ ಓಡಿ, ಇನ್‌ಸ್ಟಾಲ್ ಆದಮೇಲೆ ಓಡದಿದ್ದರೆ ಆಶ್ಚರ್ಯ ಬೇಡ. ಇನ್‌ಸ್ಟಾಲ್ ಮಾಡುವಾಗ ಬಿಲ್ಡ್ ಹೊತ್ತಿನಲ್ಲಿ ಸಿಮೇಕ್ ತಾನೇ ಹಾಕಿದ್ದ ಲೈಬ್ರರಿಯ ದಾರಿಯನ್ನು ಅಳಿಸುತ್ತದೆ. ‘ಸಿಮೇಕ್_ಇನ್‌ಸ್ಟಾಲ್_ಆರ್‌ಪಾತ್’ ಕೊಡಬೇಕು, ಇದೂ ಪೂರ್ತಿ ದೊಡ್ಡಕ್ಷರ.

ಇದನ್ನು ಮಾತ್ರ ಮಾಡಬೇಡಿ

ಓಪನ್‌ಎಸ್ಎಸ್ಎಲ್ ಅನ್ನುವ ಗೂಢಲಿಪಿ ಲೈಬ್ರರಿಯ ಲಿಬ್‌ಎಸ್ಎಸ್ಎಲ್.ಎಸ್ಒ.1.1 ಇಲ್ಲ ಅಂತ ಎರರ್ ಬಂದಾಗ, ಇರುವ ಲಿಬ್‌ಎಸ್ಎಸ್ಎಲ್.ಎಸ್ಒ.3ಕ್ಕೆ ಆ ಹೆಸರಿನಲ್ಲಿ ಒಂದು ಸಿಮ್‌ಲಿಂಕ್ (ಬೇರೊಂದು ಫೈಲಿನ ಕಡೆ ಬೆರಳು ತೋರಿಸುವ ಹೆಸರು) ಮಾಡಿ ಅನ್ನುವ ಸಲಹೆ ಎಲ್ಲ ಕಡೆ ಓಡಾಡುತ್ತಿದೆ. ಮಾಡಬೇಡಿ. ಕೊನೆಯ ಆ ಸಂಖ್ಯೆ ಅಲಂಕಾರಕ್ಕಲ್ಲ. ಸಂಖ್ಯೆ ಬದಲಾಗಿದೆ ಅಂದರೆ ಒಳಗಿನ ಹೊಂದಾಣಿಕೆ ಮುರಿದಿದೆ ಅಂತ ಬರೆದವರೇ ಹೇಳಿದ ಹಾಗೆ. ಓಪನ್‌ಎಸ್ಎಸ್ಎಲ್ 3.0 ಬಂದದ್ದು 2021ರಲ್ಲಿ, ಉಬುಂಟು 22.04 ಅದನ್ನೇ ಹಿಡಿದು 1.1 ಬಿಟ್ಟಿತು. ಸುಳ್ಳು ಲಿಂಕ್ ಹಾಕಿದರೆ ಒಂದೋ ಆವೃತ್ತಿ ಸಿಗಲಿಲ್ಲ ಅಂತ ಬೇರೆ ಎರರ್ ಬರುತ್ತದೆ. ಅಥವಾ, ಬೇರೆ ಲೈಬ್ರರಿಗಳಲ್ಲಿ, ಓಡಿದ ಹಾಗೆ ಮಾಡಿ ನಡುವೆ ಬೀಳುತ್ತದೆ. ಹೊಸ ಲೈಬ್ರರಿ ಎದುರು ಪ್ರೋಗ್ರಾಮನ್ನೇ ಮತ್ತೆ ಬಿಲ್ಡ್ ಮಾಡುವುದೇ ಸರಿ.

‘ಜಿಲಿಬ್‌ಸಿ_2.34 ನಾಟ್ ಫೌಂಡ್’ ಇದರ ದಾಯಾದಿ. ಜಿಲಿಬ್‌ಸಿ ಅಂದರೆ ಹೆಚ್ಚುಕಡಿಮೆ ಎಲ್ಲ ಪ್ರೋಗ್ರಾಮುಗಳಿಗೂ ಬೇಕಾದ ಮೂಲ ಲೈಬ್ರರಿ. ಹೊಸ ಯಂತ್ರದಲ್ಲಿ ಬಿಲ್ಡ್ ಮಾಡಿ ಹಳೆಯದರಲ್ಲಿ ಓಡಿಸಿದರೆ ಹೀಗೆ. ಉಬುಂಟು 22.04ರಲ್ಲಿ ಜಿಲಿಬ್‌ಸಿ 2.35, 20.04ರಲ್ಲಿ 2.31. ಜಿಲಿಬ್‌ಸಿಯನ್ನು ಕೈಯಾರೆ ಬದಲಿಸಲು ಹೋದರೆ ಯಂತ್ರವೇ ಏಳದೆ ಕೂರಬಹುದು. ಹಳೆ ಯಂತ್ರದಲ್ಲಿ ಬಿಲ್ಡ್ ಮಾಡಿ, ಹೊಸದರಲ್ಲಿ ಓಡಿಸಿ. ಆ ದಿಕ್ಕಿನಲ್ಲಿ ಸಾಮಾನ್ಯವಾಗಿ ತಕರಾರಿಲ್ಲ.

ಪೆನ್‌ಡ್ರೈವ್ ಮತ್ತು ಕರೆಂಟು

ಹೊಸನಗರ, ತೀರ್ಥಹಳ್ಳಿಯ ಒಳಊರುಗಳಲ್ಲಿ ನೆಟ್ ನಂಬಿ ಕೂರಲಾಗದು. ಹಾಗಾಗಿ ಶಿವಮೊಗ್ಗದಲ್ಲಿ ಬಿಲ್ಡ್ ಮಾಡಿ ಪೆನ್‌ಡ್ರೈವ್‌ನಲ್ಲಿ ಒಯ್ಯುತ್ತಾರೆ. ಅಂಗಡಿಯಿಂದ ತಂದ ಪೆನ್‌ಡ್ರೈವ್ ಸಾಮಾನ್ಯವಾಗಿ ಫ್ಯಾಟ್32 ಅಥವಾ ಎಕ್ಸ್‌ಫ್ಯಾಟ್ ಆಗಿರುತ್ತದೆ. ಅದರಲ್ಲಿ ಸಿಮ್‌ಲಿಂಕ್ ನಿಲ್ಲುವುದಿಲ್ಲ. ಲಿಬ್‌ಟೆಸ್ಸರಾಕ್ಟ್.ಎಸ್ಒ.5 ಅನ್ನುವುದೇ ಒಂದು ಸಿಮ್‌ಲಿಂಕ್, ಅಸಲಿ ಫೈಲಿಗೆ ಇನ್ನೂ ಉದ್ದನೆ ಸಂಖ್ಯೆಯ ಹೆಸರು. ಊರಿಗೆ ಹೋಗಿ ನೋಡಿದರೆ ಲಿಂಕ್ ಮಾಯ. ಫೋಲ್ಡರನ್ನು ಎಳೆದು ಹಾಕಬೇಡಿ, ಟಾರ್ ಮಾಡಿ ಒಂದೇ ಫೈಲಾಗಿ ಒಯ್ಯಿರಿ. ಆಗಲೇ ಹಾಳಾಗಿದ್ದರೆ ಲೈಬ್ರರಿಗಳನ್ನು /ಯುಎಸ್ಆರ್/ಲೋಕಲ್/ಲಿಬ್‌ಗೆ ಹಾಕಿ ಎಲ್‌ಡಿಕಾನ್ಫಿಗ್ ಹೊಡೆಯಿರಿ. ಬೇಕಾದ ಆ ಲಿಂಕನ್ನು ಅದೇ ಮಾಡಿಕೊಡುತ್ತದೆ.

‘ಫೈಲ್ ಟೂ ಶಾರ್ಟ್’ ಅಂತ ಬಂದರೆ ಫೈಲ್ ಅರ್ಧಕ್ಕೇ ನಿಂತಿದೆ. ಪೆನ್‌ಡ್ರೈವ್ ಬೇಗ ಕಿತ್ತಿರಬಹುದು. ಮಳೆಗಾಲವಾದರೆ ಮೇಕ್ ನಡುವೆ ಕರೆಂಟು ಹೋಗಿರಬಹುದು. ಕರೆಂಟು ಬಂದಮೇಲೆ ಮೇಕ್ ಬಿಟ್ಟಲ್ಲಿಂದ ಮುಂದುವರಿಯುತ್ತದೆ ನಿಜ, ಆದರೆ ಅರ್ಧ ಬರೆದ ಫೈಲನ್ನು ಮುಗಿದದ್ದು ಅಂದುಕೊಳ್ಳಬಹುದು. ಸೊನ್ನೆ ಬೈಟಿನ ಫೈಲುಗಳನ್ನು ಹುಡುಕಿ ಅಳಿಸಿ, ಮತ್ತೆ ಮೇಕ್ ಹೊಡೆಯಿರಿ. ಅನುಮಾನ ಉಳಿದರೆ ಮಾತ್ರ ಮೇಕ್ ಕ್ಲೀನ್.

ಎಲ್ಲ ಸರಿಯಾದಮೇಲೆ ‘ಟೆಸ್ಸರಾಕ್ಟ್ --ವರ್ಷನ್’ ಹೊಡೆದು ಲೆಪ್ಟೋನಿಕಾದ ಸಂಖ್ಯೆ ಕೂಡ ನೋಡಿ. ಕನ್ನಡ ಪುಟ ಕೊಟ್ಟಾಗ ‘ಎರರ್ ಓಪನಿಂಗ್ ಡೇಟಾ ಫೈಲ್’ ಅಂತ ಬಂದರೆ ಎಲ್‌ಡಿಡಿ ಹಿಡಿದು ಕೂರಬೇಡಿ, ಇದು ಲೈಬ್ರರಿ ಸಮಸ್ಯೆ ಅಲ್ಲ. ಕಾನ್.ಟ್ರೇನ್ಡ್‌ಡೇಟಾ ಅನ್ನುವ ಕನ್ನಡದ ಫೈಲನ್ನು ಇಳಿಸಿಕೊಂಡು /ಯುಎಸ್ಆರ್/ಲೋಕಲ್/ಶೇರ್/ಟೆಸ್‌ಡೇಟಾ ಫೋಲ್ಡರಿಗೆ ಹಾಕಿ.