ರಾಗಿ ಸರಿ ತೀರಾ ನೀರಾಗದಿರಲಿ

ಆರು ತಿಂಗಳು ತುಂಬಿದ ಮಗುವಿಗೆ ರಾಗಿ ಸರಿ ಶುರು ಮಾಡುವವರಿಗೆ. ರಾಗಿ ರಾತ್ರಿಯಿಡೀ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ. ಬೆಂಗಳೂರಿನ ಡಿಸೆಂಬರ್ ಚಳಿಗೆ ಎರಡು ದಿನವೂ ಹಿಡಿಯಬಹುದು. ಲೋಳೆ ಬಂದು ಹುಳಿ ವಾಸನೆ ಹೊಡೆದರೆ ಎಸೆದುಬಿಡಿ. ಒಣಗಿಸಿ, ಹುರಿದು, ಬೀಸಿಸಿ, ಜರಡಿ ಹಿಡಿಯಿರಿ.

2 ಚಮಚ ಹಿಟ್ಟನ್ನು ಮೊದಲು ತಣ್ಣೀರಲ್ಲಿ ಕದಡಿ (ಕುದಿಯುವ ನೀರಿಗೆ ಸುರಿದರೆ ಗಂಟು ಖಂಡಿತ), ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ಬೇಯಿಸಿ, ಅರ್ಧ ಚಮಚ ತುಪ್ಪ ಹಾಕಿ. ಬಾಟಲಿಗೆ ಹಾಕುವಷ್ಟು ತೆಳ್ಳಗೆ ಮಾಡಲೇಬೇಡಿ: ಹೊಟ್ಟೆ ತುಂಬುತ್ತದೆ, ತೂಕ ಏರುವುದಿಲ್ಲ. ಚಮಚ ವಾಲಿಸಿದರೆ ಸರ್ರನೆ ಜಾರಬಾರದು. ವರ್ಷ ತುಂಬುವವರೆಗೆ ಉಪ್ಪು, ಸಕ್ಕರೆ, ಜೇನುತುಪ್ಪ ಬೇಡ. ಎದೆಹಾಲು ಮುಂದುವರಿಯಲಿ.

ರಾಗಿಯಲ್ಲಿ ಕ್ಯಾಲ್ಸಿಯಂ ಧಾರಾಳ, ಕಬ್ಬಿಣ ಮಾತ್ರ ಮೈಗೆ ಹತ್ತುವುದು ಕಡಿಮೆ. ಆಶಾ ಕಾರ್ಯಕರ್ತೆಯರು ಕೊಡುವ ಕಬ್ಬಿಣದ ಸಿರಪ್ಪು, ವಾರಕ್ಕೆರಡು ಸಲ 1 ಎಂ.ಎಲ್., ತಪ್ಪಿಸಬೇಡಿ. ಮಲ ಕಪ್ಪಗಾದರೆ ಗಾಬರಿ ಬೇಡ, ಅದು ಸಿರಪ್ಪಿನದೇ.